ಯಾರದೂ ಅಲ್ಲದ ನಾಯಿ

"ಯಾರ ನಾಯಿ ಇದು?" ಎಂದು ಪಶುವೈದ್ಯೆ ಕೇಳಿದಾಗ ನೊಯೆಮಿ ಗೋಡೆಯ ಕಡೆ ನೋಡಿದಳು.

"ಯಾರದೂ ಅಲ್ಲ," ಎಂದರು ಅವಳ ಮನೆಯೊಡತಿ ದೋನ್ಯಾ ಎರ್ಮಿನಿಯಾ. "ನಮ್ಮ ಗುಡ್ಡದ ಬೀದಿನಾಯಿ. ತಿರುವಿನಲ್ಲಿ ಕಾರಿಗೆ ಅಡ್ಡ ಬಂತು. ನನ್ನ ಹೆಡ್‌ಲೈಟೂ ಪುಡಿಪುಡಿ. ಈ ಹುಡುಗಿ ಪಾಪ, ಎತ್ತಿಕೊಂಡು ಕೂರ್ತೀನಿ ಅಂತ ಜೊತೆಗೆ ಬಂದ್ಲು."

ನೊಯೆಮಿ ಹೌದೆಂದು ತಲೆಯಾಡಿಸಿದಳು. ನಾಲ್ಕು ಚಳಿಗಾಲದಿಂದ ಅವಳೇ ಆಡಿಕೊಂಡು ಬಂದ ಸುಳ್ಳು ಅದು.

ಎರ್ಮಿನಿಯಾ ಅವರ ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಬೇಕಾದರೆ ಪ್ರಾಣಿಗಳ ಸುದ್ದಿ ಎತ್ತುವಂತಿಲ್ಲ. ಬೆಕ್ಕು ಸಾಕಿದ ತಪ್ಪಿಗೆ ಅದೇ ಮನೆಯ ಬಾಡಿಗೆದಾರ, ಮುದುಕ ದೋನ್ ಗಿಲ್ಬೆರ್ತೊ ಗಂಟುಮೂಟೆ ಕಟ್ಟಿದ್ದನ್ನು ನೊಯೆಮಿ ಕಣ್ಣಾರೆ ಕಂಡಿದ್ದಳು. ಅವಳ ಹೊಲಿಗೆ ಯಂತ್ರದ ಗದ್ದಲ ಸಹಿಸುವ ಮನೆ ಇಡೀ ಗುಡ್ಡದಲ್ಲಿ ಅದೊಂದೇ. ಅದಕ್ಕೇ ಅವಳು ಒಂದು ಉಪಾಯ ಹೂಡಿದ್ದಳು. ಗುಡ್ಡಗಳ ಮೇಲೆ ಕಟ್ಟಿದ ಊರು ವಾಲ್ಪರೈಸೊದಲ್ಲಿ ಚಳಿಗೆ ಅಂಗಿ ತೊಟ್ಟು ತಿರುಗುವುದು ದಿಕ್ಕಿಲ್ಲದ ನಾಯಿಗಳೇ. ಯಾರೋ ಪುಣ್ಯಾತ್ಮರು ಹೊಲಿದು ತೊಡಿಸಿರುತ್ತಾರೆ. ನೊಯೆಮಿಯೂ ತನ್ನ ನಾಯಿಗೆ ಒಂದು ಅಂಗಿ ಹೊಲಿದು, ಅದೂ ಬೀದಿನಾಯಿಯಂತೆ ಕಾಣಲೆಂದು ಹಗಲೆಲ್ಲ ಬೀದಿಗೆ ಬಿಡುತ್ತಿದ್ದಳು. ಕತ್ತಲಾದ ಮೇಲೆ ಅದು ಬೇಲಿ ನುಸುಳಿ ಬಂದು, ಬ್ರೆಡ್ಡಿನ ಚೂರು ತಿಂದು, ಅವಳ ಮಂಚದಡಿ ಮಲಗುತ್ತಿತ್ತು. ಆ ಬೀದಿಯೇ ಇವತ್ತು ಅದರ ಸೊಂಟ ಮುರಿದಿತ್ತು. ಬೀದಿಗೆ ಬಿಟ್ಟವಳು ಅವಳೇ.

ವೈದ್ಯೆ ಕತ್ತರಿಯಿಂದ ಅಂಗಿ ಬಿಡಿಸಿದಳು. "ಆಪರೇಷನ್ ಮಾಡಿದ್ರೆ ಉಳಿಯುತ್ತೆ, ಖರ್ಚು ಜಾಸ್ತಿ. ಬೇಡ ಅಂದ್ರೆ ನೋವಿಲ್ಲದ ಹಾಗೆ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬಹುದು. ಸಾಕಿದವರು ಅಂತ ಯಾರಾದ್ರೂ ಇದ್ರೆ, ಬೀದಿಗೆ ಬಿಟ್ಟಿದ್ದಕ್ಕೆ ಈ ಖರ್ಚೂ ನಿಮ್ಮ ಹೆಡ್‌ಲೈಟೂ ಎರಡೂ ಅವರ ತಲೆ ಮೇಲೆ. ಯಾರೂ ಇಲ್ಲ ಅಂದ್ರೆ, ತಂದವರು ನೀವು. ನೀವೇ ಹೇಳಿ ದೋನ್ಯಾ."

ಎರ್ಮಿನಿಯಾ ಕತ್ತರಿಸಿ ಬಿದ್ದ ಅಂಗಿಯನ್ನು ನೋಡಿದರು, ನಾಯಿಯನ್ನು ನೋಡಿದರು, ಕೈಚೀಲದ ಗುಂಡಿ ತೆಗೆದರು, ಮತ್ತೆ ಹಾಕಿದರು. ನೊಯೆಮಿ ಆ ಕೈಯನ್ನೇ ನೋಡುತ್ತಿದ್ದಳು. ಒಂದು ಬೆಕ್ಕಿಗಾಗಿ ಮುದುಕನನ್ನೇ ಹೊರಗೆ ಹಾಕಿದ ಹೆಂಗಸು ಬೀದಿನಾಯಿಗೆ ದುಡ್ಡು ಸುರಿಯುತ್ತಾಳೆಯೇ? ಎರ್ಮಿನಿಯಾ ಬಾಯಿ ತೆರೆದರು.

"ನಂದು!" ಎಂದು ಕಿರುಚಿದಳು ನೊಯೆಮಿ. "ನನ್ನ ನಾಯಿ ಅದು. ಆಪರೇಷನ್ ಮಾಡಿ. ಎಷ್ಟಾದ್ರೂ ಆಗಲಿ."

ವೈದ್ಯೆ ಪೆನ್ನು ಎತ್ತಿಕೊಂಡಳು.

"ಅಯ್ಯೋ ಪೆದ್ದಿ," ಎಂದರು ಎರ್ಮಿನಿಯಾ ಮೆಲ್ಲಗೆ. "ನಾನೂ ಆಪರೇಷನ್ ಮಾಡಿ ಅಂತಾನೇ ಹೇಳೋಳಿದ್ದೆ."

ನೊಯೆಮಿಗೆ ಆಡಿದ ಮಾತನ್ನು ನುಂಗುವುದಕ್ಕೆ ದಾರಿಯೇ ಇರಲಿಲ್ಲ. ವೈದ್ಯೆ ಆಗಲೇ ಅವಳ ಹೆಸರು ಕೇಳಿ, ನಾಯಿಯ ಒಡತಿ ಎಂದು ಬರೆದುಕೊಂಡಿದ್ದಳು.

"ನಾಯಿ ಹೆಸರು?"

ನೊಯೆಮಿ ನಾಯಿಯ ಕಡೆ ತಿರುಗಿದಳು.

"ಪೊರೊತೊ," ಎಂದರು ಎರ್ಮಿನಿಯಾ. ಮೇಜಿನ ಮೇಲೆ ನಾಯಿಯ ಕಿವಿ ನಿಮಿರಿತು.

"ನಿಮಗೆ... ನಿಮಗೆ ಹೇಗೆ ಗೊತ್ತು?"

"ಗೋಡೆ ತೆಳು, ಮಗಳೇ. ದಿನಾ ರಾತ್ರಿ ಪೊರೊತೊ ಬಾ, ಪೊರೊತೊ ತಿನ್ನು. ಆ ಅಂಗಿನೂ ನಾನು ಕೊಟ್ಟ ಹಳೇ ಪರದೆದು. ನನ್ನ ಪರದೆ ನನಗೆ ಗುರುತು ಸಿಗಲ್ವಾ?"

"ಮತ್ತೆ ಇಷ್ಟು ವರ್ಷ..."

"ನಾಯಿ ಯಾರದೂ ಅಲ್ಲ ಅಂತ ನೀನು ಅಂತಿದ್ದೆ. ನಾನೂ ಹೌದು ಅಂತಿದ್ದೆ. ಈಗ ನಂದು ಅಂತ ಡಾಕ್ಟರ್ ಮುಂದೆನೇ ಕೂಗಿದ್ದೀಯ. ಬೆಕ್ಕು ಸಾಕಿದ ಅಂತ ನಾನು ಹೊರಗೆ ಹಾಕಿದ ಗಿಲ್ಬೆರ್ತೊ ನಾಳೆ ಎದುರು ಸಿಕ್ಕಿದ್ರೆ ನಾನು ಯಾವ ಮುಖ ಇಟ್ಕೊಂಡು ಮಾತಾಡ್ಲಿ?" ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಸಡಿಲಾಗಲಿಲ್ಲ. "ತಿಂಗಳ ಕೊನೆವರೆಗೂ ಇರು. ಅದರ ಗಾಯ ಮಾಯೋವರೆಗೆ ಒಳಗೇ ಇಟ್ಕೋ. ಆಮೇಲೆ ಕೋಣೆ ಬಿಡು."

ಕಾರಿನ ಬೀಗದ ಕೈ ಹುಡುಕುತ್ತಾ ಅವರು ಹೊರಗೆ ನಡೆದರು.