ಕಿಟಕಿ ಕಡೆಯ ಜಾಗ

"ಗೆರೆ ದಾಟಬೇಡಿ ಅಮ್ಮಾ," ಎಂದು ಕಾವಲುಗಾರ ಮೂರನೆಯ ಸಲ ಹೇಳಿದ. ನಾದಿನಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು, ಕತ್ತನ್ನು ಅಲ್ಲೇ ಬಿಟ್ಟಳು. ನೆಲಕ್ಕೆ ಬಳಿದ ಹಳದಿ ಗೆರೆ ಕಾಲಿಗೆ ಸಂಬಂಧಪಟ್ಟದ್ದು, ಮೂಗಿಗಲ್ಲ ಎಂದು ಅವಳು ತೀರ್ಮಾನಿಸಿದ್ದಳು.

"ನೋಡಿ ಅತ್ತಿಗೆ, ಚಿತ್ರದ ಬಟ್ಟೆ ಈ ಮೂಲೇಲಿ ಸಡಿಲ ಬಿಟ್ಟಿದೆ. ಹಿಂದಿನಿಂದ ಒಂಚೂರು ನೀರು ಚಿಮುಕಿಸಿ ಎಳೆದು ಕಟ್ಟಿದ್ರೆ ಸರಿಹೋಗ್ತಿತ್ತು. ಇಷ್ಟು ದೊಡ್ಡ ಕಟ್ಟಡ ಮಾಡಿದಾರೆ, ಹೇಳೋರು ಕೇಳೋರು ಯಾರೂ ಇಲ್ಲ."

ಅತ್ತಿಗೆ ಮೂಲೆಯನ್ನು ನೋಡಲಿಲ್ಲ. ಅವಳ ಕಣ್ಣು ಗೋಡೆಯುದ್ದಕ್ಕೂ ಒಂದು ಮುಖವನ್ನು ಹುಡುಕುತ್ತಿತ್ತು. ಅದೂ ಬೇರೆಯವರದಲ್ಲ, ತನ್ನದೇ.

ಇಬ್ಬರೂ ಸೇರಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದರು. ಅಂಗಡಿ ಅತ್ತೆಯ ಕಾಲದ್ದು. ನಾದಿನಿಯ ಗಂಡನ ಮನೆ ಎರಡು ಬೀದಿ ಆಚೆಗಿದ್ದರೂ ಅವಳ ಹಗಲೆಲ್ಲ ತವರಿನ ಈ ಅಂಗಡಿಯಲ್ಲೇ ಕಳೆಯುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿಗೆ ಮಧ್ಯಾಹ್ನದ ಹೊತ್ತು ಒಬ್ಬ ಬರುತ್ತಿದ್ದ. ಅವನಿಗೆ ನೆಟ್ಟಗಿದ್ದದ್ದು ಒಂದೇ ಅಂಗಿ. ಅದನ್ನು ಬಿಚ್ಚಿ ಇಸ್ತ್ರಿಗೆ ಕೊಟ್ಟು, ಬನಿಯನ್ನಿನಲ್ಲೇ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಬೀದಿಯವರು ಅವನಿಗೆ ಒಂಟಂಗಿ ಎಂದೇ ಹೆಸರಿಟ್ಟಿದ್ದರು. ಆ ಹೊತ್ತಿನಲ್ಲಿ ನಾದಿನಿ ಬಟ್ಟೆಗಂಟು ಹೊತ್ತು ಮನೆಮನೆಗೆ ತಲುಪಿಸಲು ಹೋಗಿರುತ್ತಿದ್ದಳು, ಅತ್ತೆ ಊಟ ಮುಗಿಸಿ ಮಲಗಿರುತ್ತಿದ್ದಳು. ಒಂದು ದಿನ ಒಂಟಂಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಿಮ್ಮನ್ನ ಬಿಡಿಸಿದ್ದೀನಿ ಕಣಮ್ಮ, ಗೋಡೆಯಷ್ಟು ದೊಡ್ಡದಾಗಿ," ಎಂದ. ಆಮೇಲೆ ಊರು ಬಿಟ್ಟ.

ಅತ್ತಿಗೆ ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. "ಯಾಕೆ, ರಾಣಿಯರಿಗೆ ಬರ ಬಂದಿದ್ಯಾ, ಇಸ್ತ್ರಿ ಮಾಡೋಳನ್ನ ಬಿಡಿಸೋಕೆ?" ಎಂದಳು ಅತ್ತೆ. ನಾದಿನಿ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಮನೆಯಲ್ಲಿ ಯಾರು ಫೋಟೊ ತೆಗೆದರೂ, "ಅತ್ತಿಗೆಯದ್ದು ಗೋಡೆಯಷ್ಟು ಬರಲಿ," ಎನ್ನುವುದು ವಾಡಿಕೆಯಾಯಿತು. 

ಆ ಮನೆ ಅವಳ ಮಾತನ್ನು ನಂಬದೆ ಹೋದದ್ದು ಅದೊಂದು ಸಲವಲ್ಲ. ಅದೇ ವರ್ಷ ಇಸ್ತ್ರಿ ಮೇಜಿನ ಮೇಲೆ ಹಾಸಿದ್ದ ಹೊಸ ಕಂಬಳಿ ಸುಟ್ಟಿತ್ತು. ಸುಟ್ಟದ್ದು ನಾದಿನಿ, ಅದೂ ತಾನು ನಿಲ್ಲುವ ಕಿಟಕಿ ಕಡೆಯಲ್ಲಿ. ಸಂಜೆ ಅವಳು ಕಂಬಳಿಯ ತುದಿಗಳನ್ನು ಅದಲುಬದಲು ಮಾಡಿ ಹಾಸಿದಳು, ಸುಟ್ಟ ಗುರುತು ಅತ್ತಿಗೆಯ ತುದಿಗೆ ಬಂತು. ಬೆಳಿಗ್ಗೆ ಅತ್ತೆ ಅದನ್ನು ಕಂಡಳು. ಅತ್ತಿಗೆ ಇದ್ದದ್ದು ಇದ್ದಹಾಗೆ ಹೇಳಿದಳು, ನಾದಿನಿ ತಾನಲ್ಲ ಎಂದಳು. ಹೆತ್ತ ಮಗಳ ಮಾತು, ಸೊಸೆಯ ಮಾತು ಎರಡನ್ನೂ ತಕ್ಕಡಿಗೆ ಹಾಕಿದರೆ ಯಾವುದು ತೂಗುತ್ತದೆಂದು ಹೇಳಬೇಕಾಗಿಲ್ಲ. ಅತ್ತೆ ಸಾಯುವವರೆಗೂ, "ಬಿಸಿ ಪೆಟ್ಟಿಗೆ ಹುಷಾರು," ಎಂದು ಸೊಸೆಯನ್ನೇ ಎಚ್ಚರಿಸುತ್ತಿದ್ದಳು.

ಇನ್ನು ಕಿಟಕಿ ಕಡೆಯ ಜಾಗದ ವಿಷಯ. ಅತ್ತಿಗೆ ಎಡಗೈಯವಳು. ಮೇಜಿನ ಎಡ ತುದಿಯಲ್ಲಿ ಕಿಟಕಿ, ಅಲ್ಲಿ ನಾದಿನಿ. ಬಲ ತುದಿಯಲ್ಲಿ ಅತ್ತಿಗೆ. ಇವಳ ಎಡ ಮೊಣಕೈಯೂ ಅವಳ ಬಲ ಮೊಣಕೈಯೂ ದಿನಕ್ಕೆ ನೂರು ಸಲ ಡಿಕ್ಕಿ ಹೊಡೆಯುತ್ತಿದ್ದವು. ಜಾಗ ಅದಲುಬದಲು ಮಾಡಿಕೊಂಡರೆ ಮುಗಿಯುವ ತಂಟೆ. ಆದರೆ ಗಾಳಿ, ಬೆಳಕು, ಬೀದಿಯ ಸುದ್ದಿ ಮೂರೂ ಬರುವ ತುದಿಯನ್ನು ನಾದಿನಿ ಏಕೆ ಬಿಟ್ಟಾಳು?

ಹೀಗಿರುವಾಗ ಅತ್ತಿಗೆಯ ಗಂಡ, ಸಿಟಿ ಬಸ್ಸಿನ ಡ್ರೈವರ್, ಒಂದು ದಿನ ಬಂದು ತನ್ನ ರೂಟಿನಲ್ಲಿ ಮ್ಯೂಸಿಯಂ ಎಂಬ ಹೊಸ ಸ್ಟಾಪು ಬಂದಿದೆ ಎಂದ. ಹಳೆಯ ಗೋದಾಮೊಂದನ್ನು ರಿಪೇರಿ ಮಾಡಿ, ಈಚೆಗೆ ತೀರಿಕೊಂಡ ಒಬ್ಬ ದೊಡ್ಡ ಕಲಾವಿದನ ಚಿತ್ರಗಳನ್ನಷ್ಟೇ ಇಟ್ಟಿದ್ದಾರಂತೆ. ಪೇಪರಿನಲ್ಲಿದ್ದ ಅವನ ಫೋಟೊ ನೋಡಿ ಅತ್ತಿಗೆಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತುಬಿಟ್ಟಿತು. ಅದು ಒಂಟಂಗಿ.

"ಆಗಲಿ, ಹೋಗಿ ನೋಡೇಬಿಡೋಣ," ಎಂದಿದ್ದಳು ನಾದಿನಿ. "ನಿಮ್ಮ ಚಿತ್ರ ಅಲ್ಲಿದ್ರೆ ಕಿಟಕಿ ಕಡೆ ಜಾಗ ನಿಮ್ಗೆ. ಇಲ್ದಿದ್ರೆ ಆ ಮಾತು ಇನ್ಮೇಲೆ ಎತ್ತಬಾರದು."

"ಎತ್ತಲ್ಲ," ಎಂದಳು ಅತ್ತಿಗೆ. ಅವಳಿಗೆ ಕಿಟಕಿಗಿಂತ ಮಾತು ಮುಖ್ಯವಾಗಿತ್ತು. ಒಂದೇ ಒಂದು ಸಲ, ನೀನು ಹೇಳಿದ್ದು ನಿಜ ಎಂದು ಆ ಮನೆಯವರ ಬಾಯಿಂದ ಕೇಳಬೇಕಿತ್ತು.

ಮೊದಲ ಎರಡು ಕೋಣೆಗಳಲ್ಲಿ ಮುಖವೇ ಸಿಗಲಿಲ್ಲ. ಚೌಕಗಳಿದ್ದವು, ಮಸಿಯ ಮುದ್ದೆಗಳಿದ್ದವು, ಒಂದು ಕಡೆ ಬರೀ ಬಿಳಿಯಿತ್ತು. ಬಿಳಿಯದರ ಮುಂದೆ ನಿಂತು, ಜೊತೆಗೆ ಬಂದಿದ್ದ ಡ್ರೈವರ್, "ಇದಿನ್ನೂ ಶುರು ಮಾಡಿರಲಿಲ್ಲ ಅನ್ಸುತ್ತೆ, ಅಷ್ಟರಲ್ಲಿ ಹೋಗಿಬಿಟ್ರು ಪಾಪ," ಎಂದ. ಆಮೇಲೆ ಕಾಲು ನೋವೆಂದು ಪಕ್ಕದ ಕುರ್ಚಿಯಲ್ಲಿ ಕೂತ. ಅದು ಕಲಾವಿದರು ಕೂರುತ್ತಿದ್ದ ಕುರ್ಚಿ, ನೋಡಲು ಇಟ್ಟದ್ದು ಎಂದು ಕಾವಲುಗಾರ ಓಡಿ ಬಂದ.

"ಅವರು ಕೂತಿದ್ದಕ್ಕೇ ತಾನೆ ಇಟ್ಟಿರೋದು? ನಾನೂ ಕೂತ್ಕೊಂಡ್ರೆ ಇನ್ನೊಂದಿಷ್ಟು ಬೆಲೆ ಬರುತ್ತೆ ಬಿಡಿ," ಎನ್ನುತ್ತ ಡ್ರೈವರ್ ಎದ್ದ.

ಕಾವಲುಗಾರ ಒಳ್ಳೆಯವನೇ. ಆದರೆ ಅವನ ಪ್ಯಾಂಟಿಗೆ ಒಂದೊಂದು ಕಾಲಿಗೆ ಎರಡೆರಡು ಇಸ್ತ್ರಿ ಗೆರೆ ಬಿದ್ದಿದ್ದವು. ಚಿತ್ರ ನೋಡಲು ಬಂದ ಹೆಂಗಸರಿಬ್ಬರ ಕಣ್ಣೂ ಅವನ ಮೊಣಕಾಲಿನ ಮೇಲೆಯೇ ನೆಟ್ಟಿದ್ದರಿಂದ ಅವನಿಗೆ ಕಸಿವಿಸಿಯಾಗುತ್ತಿತ್ತು.

ಮೂರನೆಯ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಚಿತ್ರ ಒಂದೇ ಒಂದಿತ್ತು. ಪಕ್ಕದ ಚೀಟಿಯನ್ನು ಡ್ರೈವರ್ ಗಟ್ಟಿಯಾಗಿ ಓದಿದ. "ಹೆಸರಿಲ್ಲದ್ದು." ಇಸವಿಯನ್ನೂ ಓದಿ ಬೆರಳು ಎಣಿಸಿದ. "ಸರಿಯಾಗಿ ಇಪ್ಪತ್ತೆರಡು ವರ್ಷ."

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದಳು. ಆದರೆ ಅದರಲ್ಲಿ ಮುಖವಿರಲಿಲ್ಲ. ಬೂದುಬಣ್ಣದ ದೊಡ್ಡ ಉಬ್ಬೊಂದು, ಅದರ ಬುಡದಲ್ಲಿ ಮೊಂಡು ಮೂತಿಯ ತ್ರಿಕೋನ, ತ್ರಿಕೋನದ ಹಿಂಬದಿಯಿಂದ ಹೊರಟು ಉಬ್ಬಿನ ಮೇಲೆ ಹಾದು ಆಚೆಗಿಳಿಯುವ ಕಪ್ಪು ಗೆರೆ. ಒಂದು ಅಂಚಿನಲ್ಲಿ ತೆಳು ಹಳದಿಯ ಚೌಕ, ಅದರ ಕೆಳಗೆ ಕಂದು ಬಣ್ಣದ ಮಚ್ಚೆ. ಅಷ್ಟೇ.

"ಇದು ಹಡಗು," ಎಂದ ಕಾವಲುಗಾರ. ದಿನಾ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. "ಬಂದರು ಬಿಟ್ಟು ಹೊರಟಿರೋ ಹಡಗು. ಕಪ್ಪು ಗೆರೆ ಲಂಗರಿನ ಹಗ್ಗ. ಹಳದಿ ಸೂರ್ಯ. ಕಂದು ಇದ್ಯಲ್ಲ, ಅದು ದ್ವೀಪ. ದೊಡ್ಡ ದೊಡ್ಡೋರು ಬಂದು ಹೇಳಿ ಹೋಗಿದಾರೆ."

"ಸೂರ್ಯ ಚೌಕಾಕಾರ ಇರುತ್ತಾ?" ಎಂದ ಡ್ರೈವರ್.

"ಇದರಲ್ಲಿ ಹಾಗೇ ಸಾರ್."

ಅತ್ತಿಗೆ ಚಿತ್ರವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದಳು. ಮೂಗು ಹುಡುಕಿದಳು, ಕಣ್ಣು ಹುಡುಕಿದಳು. ಕೊನೆಗೆ, "ಬಿಡು ತಾಯಿ, ನೀನೇ ಗೆದ್ದೆ. ನಾನೇ ಏನೋ ತಪ್ಪು ಕೇಳಿಸ್ಕೊಂಡಿರ್ಬೇಕು," ಎಂದಳು. ಅವಳ ದನಿ ಬಿದ್ದುಹೋಗಿತ್ತು. ಇಪ್ಪತ್ತೆರಡು ವರ್ಷ ತಾನು ಸುಳ್ಳುಗಾತಿಯಾಗಿದ್ದೆ ಎಂದು ಅವಳಿಗೇ ಅನಿಸಿ ನಾಚಿಕೆಯಾಯಿತು.

ನಾದಿನಿ ನಗಬೇಕಿತ್ತು. ನಗುವನ್ನು ಬೆಳಿಗ್ಗೆಯಿಂದ ತಯಾರು ಮಾಡಿಟ್ಟುಕೊಂಡೂ ಇದ್ದಳು. ಆದರೆ ಅವಳ ಕಣ್ಣು ಆ ದ್ವೀಪದ ಮೇಲೆ ಬಿದ್ದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಅರಿವಿಲ್ಲದೆ ಅವಳ ಕೈ ಬಾಯಿಗೆ ಹೋಯಿತು. ಅಗಲ ಹಿಂಬದಿ, ಮೊಂಡು ಮೂತಿ, ಅಂಚಿನಲ್ಲಿ ಕರಿ, ನಡುವೆ ಕಂದು. ಹಳದಿ ಚೌಕದ, ಅಂದರೆ ಕಿಟಕಿಯ, ಕೆಳಗೇ ಇದೆ. ಕಂಬಳಿಯನ್ನು ತಿರುಗಿಸಿ ಹಾಕುವುದಕ್ಕೆ ಮುಂಚೆ ಅದು ಅಲ್ಲಿ ಇದ್ದದ್ದು ಒಂದೇ ಒಂದು ಮಧ್ಯಾಹ್ನ.

ಒಮ್ಮೆ ದ್ವೀಪ ಗೊತ್ತಾದ ಮೇಲೆ ಹಡಗು ಗೊತ್ತಾಗುವುದು ಎಷ್ಟು ಹೊತ್ತು? ಸ್ವಿಚ್ಚು ಅತ್ತಿಗೆಯ ಬಲಗಡೆ, ಪೆಟ್ಟಿಗೆ ಎಡಗೈಯಲ್ಲಿ. ವೈರು ಬಟ್ಟೆಯ ಮೇಲೆ ಎಳೆದಾಡದಿರಲೆಂದು ಅವಳು ಅದನ್ನು ಕತ್ತಿನ ಹಿಂದಿನಿಂದ ತಂದು ಎಡ ಹೆಗಲ ಮೇಲಿಂದ ಇಳಿಬಿಡುತ್ತಿದ್ದಳು. ಪ್ರಪಂಚದಲ್ಲಿ ಇನ್ನಾರೂ ಹಾಗೆ ಇಸ್ತ್ರಿ ಮಾಡುವುದಿಲ್ಲ. ಅತ್ತಿಗೆ ತನ್ನನ್ನು ತಾನು ಹಾಗೆ ಎಂದೂ ನೋಡಿಕೊಂಡವಳಲ್ಲ. ದಿನವೂ ಪಕ್ಕದಲ್ಲಿ ನಿಂತು ನೋಡಿದವಳು ನಾದಿನಿ ಒಬ್ಬಳೇ.

ಸುಮ್ಮನಿದ್ದರೆ ಆಗುತ್ತಿತ್ತು. ಪಂದ್ಯವನ್ನು ಅತ್ತಿಗೆಯೇ ಬಿಟ್ಟುಕೊಟ್ಟಾಗಿತ್ತು, ದ್ವೀಪವನ್ನು ದ್ವೀಪವೆಂದು ದೊಡ್ಡವರು ಬಂದು ಹೇಳಿಹೋಗಿದ್ದರು. ನಾದಿನಿ ಸುಮ್ಮನೇ ಇದ್ದಳು. "ನಡೀರಿ, ಮುಂದೆ ನೋಡೋಣ," ಎಂದು ಎಲ್ಲರಿಗಿಂತ ಮೊದಲು ನಾಲ್ಕನೆಯ ಕೋಣೆಗೆ ನಡೆದಳು.

ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂಟಂಗಿಯ ಅಂಗಿ ನೇತಾಡುತ್ತಿತ್ತು. ಅದೇ ನೀಲಿ ಪಟ್ಟಿಯದು. ಕಾಲರು ಮುದುಡಿತ್ತು, ತೋಳುಗಳು ಸುಕ್ಕುಸುಕ್ಕಾಗಿದ್ದವು. ಮೇಲೊಂದು ದೀಪ ಬೇರೆ ಹಾಕಿ ಒಂದು ಸುಕ್ಕೂ ಬಿಡದಂತೆ ತೋರಿಸಿದ್ದರು.

ಅತ್ತಿಗೆ ಗಾಜಿನ ಹತ್ತಿರ ಹೋದಳು. "ಅಯ್ಯೋ ಪಾಪ. ಹೀಗೇ ನೇತುಹಾಕಿದಾರಲ್ಲ. ಆತ ಒಂದು ದಿನಾನೂ ಹೀಗೆ ಹಾಕ್ಕೊಂಡು ಹೋದೋರಲ್ಲ ಕಣೇ. ನಾನು ಹೋಗೋಕೆ ಬಿಡ್ತಿರಲಿಲ್ಲ," ಎಂದಳು. ತನ್ನನ್ನು ಹಡಗು ಮಾಡಿ ಹೋದವನ ಬಗ್ಗೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ.

ನಾದಿನಿಗೆ ತಡೆಯಲಾಗಲಿಲ್ಲ. ಅತ್ತಿಗೆಯ ರಟ್ಟೆ ಹಿಡಿದು ಮೂರನೆಯ ಕೋಣೆಗೆ ದರದರ ಎಳೆದುಕೊಂಡು ಬಂದಳು.

"ಅದು ಹಡಗಲ್ಲ," ಎಂದಳು. "ಅದು ನೀವೇ. ಅದು ನಿಮ್ಮ ಹೆಗಲು. ಅದು ಇಸ್ತ್ರಿಪೆಟ್ಟಿಗೆ. ಹೆಗಲ ಮೇಲೆ ವೈರು ಹಾಕ್ಕೊಂಡಿದೀರಿ ನೋಡಿ, ಯಾವಾಗ್ಲೂ ಹಾಕ್ಕೊಳ್ಳೋ ಹಾಗೆ."

"ನನಗೋಸ್ಕರ ಇಲ್ಲದ್ದು ಹೇಳ್ಬೇಡ," ಎಂದಳು ಅತ್ತಿಗೆ.

"ಇಲ್ಲದ್ದು ಯಾಕೆ ಹೇಳ್ಲಿ? ಆ ದ್ವೀಪ ಇದ್ಯಲ್ಲ," ನಾದಿನಿ ಕಂದು ಮಚ್ಚೆಯತ್ತ ಬೆರಳು ಮಾಡಿದಳು. "ಅದು ನಾನು ಸುಟ್ಟಿದ್ದು."

ಡ್ರೈವರ್ ತಂಗಿಯನ್ನು ನೋಡಿದ, ದ್ವೀಪವನ್ನು ನೋಡಿದ, ಹೆಂಡತಿಯ ಮುಖ ನೋಡಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ. ಆ ಕಂಬಳಿಯ ಜಗಳದಲ್ಲಿ ಅವನು ಅಮ್ಮನ ಪಕ್ಷದಲ್ಲಿದ್ದ.

"ಅಮ್ಮ ಇದ್ದಾಗಲೇ ಹೇಳ್ಬೇಕಿತ್ತು," ಎಂದಳು ನಾದಿನಿ. "ನೀವು ಹೇಳಿದ್ದೆಲ್ಲ ನಿಜ ಅತ್ತಿಗೆ. ಅದೂ ನಿಜ, ಇದೂ ನಿಜ." ಅವಳ ಕಣ್ಣು ತುಂಬಿತ್ತು. 

ಅತ್ತಿಗೆ ಬಹಳ ಹೊತ್ತು ಚಿತ್ರ ನೋಡಿದಳು. ಈಗ ಅದರಲ್ಲಿ ಮುಖ ಬೇಕೆನಿಸಲಿಲ್ಲ. ಎಡಗೈಯನ್ನು ನಿಧಾನವಾಗಿ ಹೆಗಲಿಗೆ ಒಯ್ದು, ವೈರು ಇರುವ ಜಾಗವನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು:

"ನಾನು ಇಷ್ಟು ದಪ್ಪ ಇದ್ನಾ?"

"ಈಗ ಇನ್ನೂ ಆಗಿದೀರಿ," ಎಂದಳು ನಾದಿನಿ ಮೂಗು ಒರೆಸಿಕೊಳ್ಳುತ್ತ.

ಕಾವಲುಗಾರನಿಗೆ ದಿಕ್ಕು ತೋಚಲಿಲ್ಲ. "ಮತ್ತೆ ಬಂದೋರಿಗೆ ನಾನೇನು ಹೇಳ್ಲಿ? ಹಡಗು ಅನ್ಲಾ, ಇಸ್ತ್ರಿ ಅನ್ಲಾ?" ಎಂದು ಕೇಳಿದ.

"ನೀವು ಮೊದಲು ಆ ಪ್ಯಾಂಟು ನಮ್ಮಂಗಡಿಗೆ ತಂದುಕೊಡಿ," ಎಂದಳು ಅತ್ತಿಗೆ. "ಆಮೇಲೆ ಏನು ಬೇಕಾದ್ರೂ ಹೇಳಿ."

ಮರುದಿನ ಬೆಳಿಗ್ಗೆ ಅತ್ತಿಗೆ ಅಂಗಡಿಗೆ ಬಂದಾಗ ನಾದಿನಿ ಆಗಲೇ ಬಂದು ಬಲ ತುದಿಯಲ್ಲಿ ನಿಂತಿದ್ದಳು. ಅವಳ ನೀರು ಚಿಮುಕಿಸುವ ಬಾಟಲಿ, ಗುಂಡಿಗಳ ಡಬ್ಬಿ, ಬೆವರು ಒರೆಸುವ ಚೌಕ ಎಲ್ಲ ಅಲ್ಲಿಗೆ ಹೋಗಿದ್ದವು. ಕಿಟಕಿ ಕಡೆ ಮೇಜು ಖಾಲಿಯಿತ್ತು. ನಾದಿನಿ ತಲೆಯೆತ್ತದೆ ಒಂದು ಲಂಗದ ನೆರಿಗೆಯ ಜೊತೆ ಗುದ್ದಾಡುತ್ತಿದ್ದಳು.

ಅತ್ತಿಗೆ ಖಾಲಿ ತುದಿಗೆ ಹೋದಳು. ಕಿಟಕಿ ತೆರೆದಳು, ಅಂಗಿಯೊಂದನ್ನು ಹರವಿಕೊಂಡಳು. ಈ ಕಡೆ ಸ್ವಿಚ್ಚು ಎಡಕ್ಕೇ ಇತ್ತು, ವೈರನ್ನು ಹೆಗಲ ಮೇಲೆ ಹಾಕಿಕೊಳ್ಳುವ ಅಗತ್ಯವಿರಲಿಲ್ಲ. ಆದರೂ ಹಾಕಿಕೊಂಡಳು. ಪೆಟ್ಟಿಗೆ ತೋಳಿನ ತುದಿಗೆ ಬಂದಾಗ ಅವಳ ಎಡ ಮೊಣಕೈ ಹಳೆಯ ಅಭ್ಯಾಸದಂತೆ ಪಕ್ಕೆಗೆ ಮುದುಡಿಕೊಂಡು, ತಗುಲಬೇಕಾದ್ದಕ್ಕಾಗಿ ಕಾಯಿತು. ಏನೂ ತಗುಲಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಇಷ್ಟಿಷ್ಟೇ ಹೊರಕ್ಕೆ ಚಾಚಿ, ಕಿಟಕಿಯ ಬಿಸಿಲಿಗೆ ಬಂತು.