ನಿಂಗಿ ಸತ್ತದ್ದು ಹೇಗೆ

ಕುಕ್ಕುವಾಡದ ಅಂಜಿನವ್ವ ಬೆಣ್ಣೆಯ ಡಬ್ಬಿಯನ್ನು ತಕ್ಕಡಿಯ ಪಕ್ಕದಲ್ಲಿಟ್ಟು, ಸೆರಗಿನಲ್ಲಿ ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಚೀಲದ ತಳದಿಂದ ಒಂದು ಬಟ್ಟೆಯ ಗಂಟನ್ನು ತೆಗೆದಳು. ಅದರಲ್ಲಿ ಗುರೆಳ್ಳು ಪುಡಿ ಇತ್ತು.

"ತಗಾ ಕೃತಿಕವ್ವ. ಬೆಣ್ಣೆ ಮುಟ್ಟಿದ ಕೈಯಾಗೆ ಮುಟ್ಟಿಲ್ಲ. ಒರಳು ಸೈತ ತೊಳದು ಕುಟ್ಟೀನಿ."

ಲಂಡನ್ನಿನಲ್ಲಿ ಓದುತ್ತಿದ್ದ ಕೃತಿಕಾ ಮೂರು ವಾರದ ರಜೆಗೆ ಊರಿಗೆ ಬಂದಿದ್ದಳು. ನಿಟ್ಟುವಳ್ಳಿಯ ಮನೆಯಲ್ಲಿ ಕೂತು ಬೇಜಾರಾಗಿ ಅಪ್ಪನ ಬೆಣ್ಣೆ ಅಂಗಡಿಗೆ ಬಂದಿದ್ದಳಷ್ಟೆ. ಗಂಟನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಮುಖವನ್ನು ಮಾತ್ರ ಎತ್ತಲಿಲ್ಲ.

"ನೋಡು ಅಂಜಿನವ್ವ ನನ್ನ ಮರ್ಯಾದಿ," ಎಂದು ಅಪ್ಪ ಬಕ್ಕೇಶ್ ಗಲ್ಲಾದ ಹಿಂದಿನಿಂದ ನಕ್ಕರು. "ಬೆಣ್ಣೆ ಅಂಗಡಿಯವನ ಮಗಳು ಬೆಣ್ಣೆ ಮುಟ್ಟಂಗಿಲ್ಲ, ಹಾಲು ಕುಡಿಯಂಗಿಲ್ಲ. ದಾವಣಗೆರೆಯಾಗೆ ಹುಟ್ಟಿ ಎಣ್ಣೆ ದೋಸೆ ತಿಂತಾಳೆ. ಯಾರಿಗಾದ್ರೂ ಹೇಳಿದ್ರೆ ನನ್ನ ಅಂಗಡಿಗೆ ಬರ್ತಾರೇನು?"

"ಇರ್ಲಿ ಬಿಡ್ರಿ ಸಾವ್ಕಾರ್ರೆ. ನಮ್ಮ ಎಮ್ಮೆ ಸೈತ ಒಂದೊಂದು ದಿನ ಹಿಂಡಿ ಒಲ್ಲೆ ಅಂತೈತೆ. ಬಾಯಿಗೆ ತುರುಕಾಕಾಗತೈತಾ?" ಎಂದು ಅಂಜಿನವ್ವ ಕೃತಿಕಾಳ ಕಡೆ ತಿರುಗಿದಳು. "ನೀನು ಐತವಾರ ಹರಿಹರಕ್ಕೆ ಬರಬೇಕು, ನಮ್ಮ ಮಗಳು ಚೌಡಿ ಮನೆಗೆ. ನನ್ನ ಫೋಟೋ ಲಂಡನ್ನಾಗೆ ಗ್ವಾಡೆಯಷ್ಟು ದೊಡ್ಡದು ಮಾಡಿ ತೋರಿಸಿದಿ ಅಂದ್ರೆ ನಮ್ಮ ಬೀಗತಿ ನಂಬಂಗಿಲ್ಲ. ನನ್ನ ಬಗ್ಗೆ ಏನೇನಂದಿ ಅಂತ ನೀನೇ ಬಂದು ಬಿಡಿಸಿ ಹೇಳು."

"ಬರ್ತಾಳೆ ಬಿಡು," ಎಂದರು ಬಕ್ಕೇಶ್. "ನನಗೂ ಹೇಳಿಲ್ಲ ಅವಳು. ಆ ಇಂಗ್ಲಿಷು ನನಗೆಲ್ಲಿ ತಿಳಿಬೇಕು? ಚಪ್ಪಾಳೆ ಮಾತ್ರ ತಿಳೀತು."

ಲಂಡನ್ನಿನ ಸಭೆಯಲ್ಲಿ ಅವಳು ಮಾತಾಡಿದ ವಿಡಿಯೋವನ್ನು ಅಮ್ಮ ವಾಣಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದರು. ಕೃತಿಕಾಳಿಗೆ ಬರುವುದಿಲ್ಲ ಎನ್ನಲು ಒಂದು ನೆಪವೂ ಹೊಳೆಯಲಿಲ್ಲ.

ಲಂಡನ್ನಿನ ಮೊದಲ ಮೂರು ತಿಂಗಳು ಅವಳು ತನ್ನ ಕೋಣೆಯಲ್ಲೇ ಕೂತು ಉಂಡಿದ್ದಳು. ಆರು ಜನರಿಗೆ ಒಂದೇ ಅಡುಗೆಮನೆ, ಫ್ರಿಜ್ಜಿನಲ್ಲಿ ತಲೆಗೊಂದು ಹಲಗೆ. ಅವಳು ಒಗ್ಗರಣೆ ಹಾಕಿದಾಗಲೆಲ್ಲ ಯಾರಾದರೂ ಬಂದು ಸದ್ದಿಲ್ಲದೆ ಕಿಟಕಿ ತೆರೆದು ಹೋಗುತ್ತಿದ್ದರು. ಬೈಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಭಾನುವಾರ ಸಂಜೆ ಹತ್ತು ಹನ್ನೆರಡು ವಿದ್ಯಾರ್ಥಿಗಳು ಸೇರಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದರು. ಅವರೆಲ್ಲ ವೀಗನ್. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟದವರು. ಒಂದು ಭಾನುವಾರ ಅವರಲ್ಲೊಬ್ಬಳು ಬಾಗಿಲು ತಟ್ಟಿ, "ನಿಮ್ಮ ಊರಿನಲ್ಲಿ ಏನು ತಿನ್ನುತ್ತಾರೆ?" ಎಂದು ಕೇಳಿದಳು. ಮೂರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ.

ಅವಳು ಎಣ್ಣೆಗಾಯಿ ಮಾಡಿದಳು. ಇಂಡಿಯನ್ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದಳು. ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಂಡು ಇಡೀ ಹಾಸ್ಟೆಲು ರಸ್ತೆಗಿಳಿಯಿತು. ಆದರೂ ಎಲ್ಲರೂ ವಾಪಸು ಬಂದು, ತಣ್ಣಗಾದ ರೊಟ್ಟಿಯನ್ನೇ ಮುರಿದುಕೊಂಡು ತಟ್ಟೆ ಒರೆಸಿ ತಿಂದರು. ಮರುವಾರ ಪರೀಕ್ಷೆಯೆಂದು ಅವಳು ಹೋಗಲಾಗದಿದ್ದಾಗ, ಬಾಗಿಲು ತಟ್ಟಿದ್ದ ಹುಡುಗಿಯೇ ಒಂದು ಊಟದ ಡಬ್ಬಿಯ ಮೇಲೆ ಇವಳ ಹೆಸರು ಬರೆದು ಬಾಗಿಲ ಮುಂದೆ ಇಟ್ಟು ಹೋಗಿದ್ದಳು. ಅದನ್ನು ನೋಡಿ ಅವಳು ಅತ್ತಿದ್ದಳು. ಅಂದಿನಿಂದ ಅವಳೂ ಹಾಲು ಬಿಟ್ಟಳು. ಕಾಫಿಗೆ ಓಟ್ಸ್ ಹಾಲು ಅಭ್ಯಾಸವಾಯಿತು. ತಿಂಗಳು ಕಳೆದಂತೆ ಮನಸ್ಸೂ ನಿಜವಾಗಿ ಆ ಕಡೆಗೆ ತಿರುಗಿತ್ತು.

ಆದರೆ ಅವರು ಕೇಳಿದ್ದು, "ನೀನು ಯಾಕೆ ಬಿಟ್ಟೆ?" ಎಂದು. ನೀವು ಜಾಗ ಕೊಟ್ಟಿರಿ ಅದಕ್ಕೆ, ಎನ್ನಲು ನಾಚಿಕೆಯಾಯಿತು. ಬಾಯಿಗೆ ಬಂದದ್ದು ಅಂಜಿನವ್ವನ ಕರು. ನಮ್ಮ ಅಂಗಡಿಗೆ ಬೆಣ್ಣೆ ತರುವ ಮುದುಕಿ ಕರುವಿಗೆ ಒಂದು ಹನಿಯೂ ಬಿಡುತ್ತಿರಲಿಲ್ಲ, ಅದು ಹಸಿದು ಹಸಿದು ಸತ್ತಿತು, ನಾನು ಕಣ್ಣಾರೆ ಕಂಡೆ, ಎಂದುಬಿಟ್ಟಳು. ಒಬ್ಬಳು ಅವಳ ಕೈ ಹಿಡಿದಳು. ಜನವರಿಯಲ್ಲಿ ದೊಡ್ಡ ಸಭೆಯೊಂದರಲ್ಲಿ ಅದನ್ನೇ ಮತ್ತೆ ಹೇಳು ಎಂದರು. ಅವಳು ಹಳೆಯ ಫೋಟೋ ಹುಡುಕಿ, ಹನ್ನೆರಡು ನಿಮಿಷ ಮಾತಾಡಿದಳು.

ಭಾನುವಾರ ಹರಿಹರದಲ್ಲಿ ಚೌಡೇಶ್ವರಿಯ ಅತ್ತೆ ಬಾಗಿಲಲ್ಲೇ ಎದುರುಗೊಂಡರು. "ಬರ್ರಿ ಬರ್ರಿ, ಕೂಡ್ರಿ. ನಮ್ಮ ಬೀಗತಿ ಕುಂತಲ್ಲೇ ಲಂಡನ್ನಿಗೆ ಹೋಗಿ ಬಂದಾಳೆ. ಈಗ ನೆಲದ ಮ್ಯಾಲೆ ನಡಿಯಾಕೆ ಒಲ್ಲಳು."

ದೇವಸ್ಥಾನದ ಹಿಂದಿನ ಓಣಿಯ ಸಣ್ಣ ಮನೆ. ಅಂಜಿನವ್ವನ ಮಗಳು ಚೌಡೇಶ್ವರಿ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಊಟಕ್ಕೆ ಹೋಳಿಗೆ ಮಾಡಿದ್ದಳು, ಎಣ್ಣೆಯಲ್ಲಿ ಬೇಯಿಸಿದ್ದು, ಜೊತೆಗೆ ಕಾಯಿಹಾಲು. ಕೃತಿಕಾ ಸುತ್ತ ನೋಡಿದಳು. ಯಾರ ಎಲೆಯಲ್ಲೂ ತುಪ್ಪವಿರಲಿಲ್ಲ.

"ನಿಮಗಾದ್ರೂ ಹಾಕ್ಕೊಳ್ರಿ," ಎಂದಳು.

"ಇವತ್ತೊಂದಿನ ತುಪ್ಪ ತಿನ್ನದಿದ್ರೆ ನಾನೇನು ಬಡಕಲಾಗಂಗಿಲ್ಲ," ಎಂದರು ಅತ್ತೆ. "ಮನೆಗೆ ಬಂದೋರ ಮುಂದೆ ಅವರು ತಿನ್ನದ್ದನ್ನ ಇಟ್ಟುಕೊಂಡು ತಿಂದ್ರೆ ಹೊಟ್ಟಿಗೆ ಹತ್ತತೈತಾ?"

ಊಟವಾದ ಮೇಲೆ ವಿಡಿಯೋ ಹಾಕಿದರು. ಫೋನಿನ ಸಣ್ಣ ಪರದೆಯಲ್ಲಿ, ಸಭೆಯ ಗೋಡೆಯ ಮೇಲಿನ ಫೋಟೋದೊಳಗೆ ಅಂಜಿನವ್ವ ಎಮ್ಮೆಯ ಕೊರಳಿಗೆ ಕೈ ಹಾಕಿ ನಗುತ್ತಿದ್ದಳು. ಅದರ ಮುಂದೆ ನಿಂತು ಕೃತಿಕಾ, ತನಗೇ ಗುರುತು ಸಿಗದ ದನಿಯಲ್ಲಿ, ತಡೆದು ತಡೆದು ಮಾತಾಡುತ್ತಿದ್ದಳು. ಎಲ್ಲಿ ದನಿ ನಡುಗಿಸಿದ್ದೆ ಎಂಬುದು ಅವಳಿಗೆ ನೆನಪಿತ್ತು. ಆ ಜಾಗ ಬಂತು.

"ಏನಂದಿ? ಇಲ್ಲಿ ಏನಂದಿ?" ಅಂಜಿನವ್ವ ಮೊಣಕಾಲು ತಟ್ಟಿದಳು. "ಇಲ್ಲೇ ಮುಂದೆ ಕುಂತ ಹುಡುಗಿ ಕಣ್ಣು ಒರೆಸಿಕೊಂಡಿದ್ದು."

ಕೃತಿಕಾ ವಿಡಿಯೋವನ್ನು ನಿಲ್ಲಿಸಿದಳು. ಚೌಡೇಶ್ವರಿ ಫೋನನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು ಆರಿಸಿದಳು.

"ನಾನು ಹೇಳ್ತೀನಿ ತಗಾ. ನಮ್ಮೂರ ಕಡೆ ಒಬ್ಬ ಅಜ್ಜಿ ಅದಾಳೆ, ಕರು ಕುಡಿದು ಬಿಟ್ಟ ಮೇಲೇ ಹಾಲು ಕರೀತಾಳೆ, ಅದಕ್ಕೇ ಆಕಿ ಬೆಣ್ಣಿಗೆ ಅಷ್ಟು ಹೆಸರು, ಅಂತ ಹೇಳೈತಿ ಹುಡುಗಿ."

"ಕೇಳಿದ್ರಾ?" ಎಂದು ಅಂಜಿನವ್ವ ಬೀಗತಿಯ ಕಡೆ ನೋಡಿದಳು. ಅಷ್ಟೇ. ಕಣ್ಣಲ್ಲಿ ನೀರಿತ್ತು.

ಕೃತಿಕಾ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಚೌಡೇಶ್ವರಿ ಹಿಂದೆಯೇ ಬಂದು, ಲೋಟ ತೊಳೆದು, ಬಿಂದಿಗೆಯಿಂದ ನೀರು ಕೊಟ್ಟಳು.

"ಅಕ್ಕಾ, ನಿಮಗೆ ತಿಳಿದಿತ್ತು."

"ಮೊದಲನೆ ದಿನವೇ. ದಿನಾ ಆಫೀಸಿನಾಗೆ ಇಂಗ್ಲಿಷ್ ಪತ್ರ ಟೈಪ್ ಮಾಡ್ತೀನಿ. ಅವ್ವನ ಬೆಣ್ಣೆಯಾಗೇ ಓದಿದ್ದು ನಾನು."

"ಮತ್ತೆ ಯಾಕ ಹಂಗೆ ಹೇಳಿದ್ರಿ?"

"ಆಕಿ ಖುಷಿಯಾಗಿದ್ಲು. ಅದನ್ನ ನಾನ್ಯಾಕ ಕೆಡಸಲಿ?" ಲೋಟವನ್ನು ಬೋರಲು ಹಾಕುತ್ತ ಅಂದಳು. "ಹೇಳೋದಿದ್ರೆ ನೀನೇ ಹೇಳು. ಇಲ್ಲಾ ಸುಮ್ಮನಿರು. ನನ್ನ ಬಾಯಿಂದ ಮಾತ್ರ ಬರಂಗಿಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು.

ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲಿ ಅಂಜಿನವ್ವ ಅವಳಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟಳು. ಬೀಗತಿಯ ಮುಖ ಹೇಗಾಯಿತು ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಶುರುಮಾಡುವಾಗ ಕೃತಿಕಾ ತಡೆದಳು.

"ಅಂಜಿನವ್ವ, ಚೌಡಕ್ಕ ಹೇಳಿದ್ದು ಸುಳ್ಳು. ನಾನು ಅಲ್ಲಿ ಹಂಗೆ ಹೇಳಿಲ್ಲ."

"ಮತ್ತೇನಂದಿ?"

ಹೇಳಿದಳು. ಕನ್ನಡದಲ್ಲಿ ಅದು ಇಂಗ್ಲಿಷಿಗಿಂತ ಹೊಲಸಾಗಿ ಕೇಳಿಸಿತು. ಅಂಜಿನವ್ವ ಮುಂದಿನ ಸೀಟಿನ ಸರಳು ಹಿಡಿದುಕೊಂಡಳು.

"ಯಾವ ಕರು?"

"ನಿಂಗಿ."

"ನಿಂಗಿ ಕಾಲುಬಾಯಿ ಬ್ಯಾನೆಯಾಗೆ ಸತ್ತಿದ್ದು. ಹತ್ತು ದಿನ ನಾನು ಅಂಗಡಿಗೆ ಬಂದಿದ್ದಿಲ್ಲ. ಬಂದಾಗ ಅತ್ತಿದ್ದೆ. ನಿಮ್ಮವ್ವ ಚಾ ಕೊಟ್ಲು, ನೀನು ಪಕ್ಕದಾಗೆ ಕುಂತಿದ್ದಿ. ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಗೊತ್ತಿದ್ದೂ ಅಂದಿ."

ಕೃತಿಕಾ ತಲೆಯಾಡಿಸಿದಳು. ಬಸ್ಸು ದಾವಣಗೆರೆ ಸೇರಿತು. ನಿಲ್ದಾಣದಲ್ಲಿ ಕುಕ್ಕುವಾಡದ ಕಡೆಯ ಬಸ್ಸು ಹೊರಡಲು ನಿಂತಿತ್ತು. ಅಂಜಿನವ್ವ ಅದರತ್ತ ನಾಲ್ಕು ಹೆಜ್ಜೆ ಹಾಕಿ, ತಿರುಗಿ ಬಂದು ಕಲ್ಲಿನ ಬೆಂಚಿನ ಮೇಲೆ ಕೂತಳು.

"ನಿನಗೆ ಬೆಣ್ಣೆ ಬ್ಯಾಡಾಗಿದ್ರೆ ಬ್ಯಾಡ. ಯಾರು ಬೈತಿದ್ರು? ಅದಕ್ಕೆ ನನ್ನ ಯಾಕ ಕೊಲೆಗಾರಳನ್ನ ಮಾಡಿದಿ?"

ಕೃತಿಕಾ ಅವಳ ಪಕ್ಕದಲ್ಲಿ ಕೂತಳು.

"ಆ ಫೋನು ತೆಗಿ. ಅವರಿಗೆ ಹೇಳು, ನಿಂಗಿ ಹೆಂಗೆ ಸತ್ತಿತು ಅಂತ. ಈಗಲೇ ಹೇಳು. ನಾನು ಕೇಳ್ತೀನಿ."

"ನಿನ್ನ ಬಸ್ಸು ಹೋಗತೈತೆ."

"ಹೋಗ್ಲಿ."

ಕೃತಿಕಾ ಲಂಡನ್ನಿನ ಭಾನುವಾರದ ಅಡುಗೆಯವರ ವಾಟ್ಸಾಪ್ ಗುಂಪನ್ನು ತೆರೆದು, ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಇಂಗ್ಲಿಷಿನಲ್ಲಿ, ದನಿ ನಡುಗಿಸದೆ, ತಾನು ಹೇಳಿದ್ದು ಸುಳ್ಳೆಂದೂ ಕರು ರೋಗದಿಂದ ಸತ್ತಿತೆಂದೂ ಆ ಮುದುಕಿ ಕರು ಕುಡಿಯುವವರೆಗೆ ಹಾಲು ಕರೆಯುವವಳಲ್ಲವೆಂದೂ ಹೇಳಿದಳು. ಅಂಜಿನವ್ವ ಕಿವಿಯನ್ನು ಹತ್ತಿರ ತಂದು, ನಡುವೆ ತನ್ನ ಹೆಸರು, ಊರಿನ ಹೆಸರು, ನಿಂಗಿಯ ಹೆಸರು ಬರುತ್ತವೆಯೇ ಎಂದು ಕಾದು ಕೇಳಿದಳು. ಮೂರೂ ಬಂದವು.

"ಅವತ್ತು ಎಷ್ಟೊತ್ತು ಮಾತಾಡಿದ್ದಿ?"

"ಹನ್ನೆರಡು ನಿಮಿಷ."

"ಇವತ್ತಿಂದು ಲಗೂ ಮುಗೀತು."

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಕೃತಿಕಾ ಅದನ್ನು ಮಡಿಲಿನಲ್ಲಿ ಮಗುಚಿಟ್ಟಳು.

"ನೋಡು. ಏನಂದ್ರು?"

"ಆಮೇಲೆ ನೋಡ್ತೀನಿ."

"ಆಮೇಲೆ ಅಂದ್ರೆ, ನಾನು ಬಸ್ ಹತ್ತಿದ ಮ್ಯಾಲೇನು?"

ಅವಳು ನೋಡಿದಳು. ಡಬ್ಬಿಯ ಮೇಲೆ ಹೆಸರು ಬರೆದು ಇಟ್ಟಿದ್ದ ಹುಡುಗಿಯದೇ. ಒಂದೇ ಸಾಲು. "ಹಂಗಾದ್ರೆ ನಮಗೆ ಯಾಕೆ ಸುಳ್ಳು ಹೇಳಿದೆ, ಅಂತ ಕೇಳ್ಯಾಳೆ," ಎಂದು ಕನ್ನಡದಲ್ಲಿ ಓದಿದಳು.

"ನಾನೂ ಅದನ್ನೇ ಕೇಳಿದ್ದು," ಎಂದಳು ಅಂಜಿನವ್ವ. ಕುಕ್ಕುವಾಡದ ಬಸ್ಸು ಧೂಳೆಬ್ಬಿಸಿಕೊಂಡು ಹೊರಗೆ ಹೋಯಿತು. ಅವಳು ಅದನ್ನು ನೋಡಿಯೂ ನೋಡದಂತೆ ಬೆಂಚಿನ ತುದಿಗೆ ಸರಿದು, ಬಿಸಿಲು ಬೀಳದ ಜಾಗವನ್ನು ಹುಡುಗಿಗೆ ಬಿಟ್ಟಳು. "ಉತ್ತರ ಬರಿ. ಇನ್ನೊಂದು ಬಸ್ಸು ಬರತೈತೆ."