ನಾಯಿಗೆ ಹೇಳಿದ ಮಾತು

ಮೊಮ್ಮಗಳು ನೆರಿಡಾಳ ರಕ್ತದ ವರದಿ ದೂರದ ಡಾರ್ವಿನ್ ನಗರದಿಂದ ಬಂದಾಗ ವಾಲ್ಡಾ ಅದನ್ನು ಎರಡು ಸಲ ಓದಿದಳು. ತನ್ನ ಊರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಜಿ ಹಾಕಿದವಳಿಗೆ ಅಂಕಿಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹುಡುಗಿಯ ಮೈಯಲ್ಲಿ ಪ್ರತಿಕಾಯಗಳು ಏರಿ ಕೂತಿದ್ದವು. ಗಂಟಲಿಗೋ ಚರ್ಮದ ಹುಣ್ಣಿಗೋ ಹೊಕ್ಕ ಕ್ರಿಮಿಯನ್ನು ಹೊಡೆಯಲು ಮೈ ಕಳಿಸುವ ಪಡೆ ಅದು. ಒಮ್ಮೊಮ್ಮೆ ಆ ಪಡೆಗೆ ಕ್ರಿಮಿ ಯಾವುದು, ಸ್ವಂತ ಮನೆ ಯಾವುದು ತಿಳಿಯುವುದಿಲ್ಲ. ಮೊದಲು ಮೊಣಕಾಲು ಊದುತ್ತದೆ, ಆಮೇಲೆ ಹೃದಯಕ್ಕೆ ಕೈ ಹಾಕುತ್ತದೆ. ಸಂಧಿವಾತ ಜ್ವರ ಅನ್ನುವುದು ಇದನ್ನೇ. ಎಂಟು ವರ್ಷದ ನೆರಿಡಾಳ ಮೊಣಕಾಲು ಹೋದ ವಾರ ಊದಿತ್ತು.

ಹೃದಯ ನೋಡುವ ಡಾಕ್ಟರಮ್ಮ ಯಂತ್ರ ಹೊತ್ತು ಅವತ್ತೇ ಬಂದಿದ್ದಳು. ಮಧ್ಯಾಹ್ನದ ವಿಮಾನಕ್ಕೆ ಹೊರಟರೆ ಮತ್ತೆ ಬರುವುದು ಮೂರು ತಿಂಗಳಿಗೆ. ಹುಡುಗಿಯನ್ನು ಅವಳಪ್ಪ ಬೆಳಿಗ್ಗೆಯೇ ಏಡಿ ಹಿಡಿಯಲೆಂದು ಕೊಲ್ಲಿಯತ್ತ ಕರೆದುಕೊಂಡು ಹೋಗಿದ್ದ. ಬೇಕೆಂದೇ ಹೋಗಿದ್ದ. ವಾಲ್ಡಾ ತನ್ನ ನಾಯಿ ಡೀಸೆಲ್‌ನನ್ನು ಹತ್ತಿಸಿಕೊಂಡು ಜೀಪು ಓಡಿಸಿದಳು.

ತೊಡಕಿದ್ದದ್ದು ಇಲ್ಲಿ. ಅವನು ಅವಳ ಅಳಿಯ. ಅವರ ಜನರ ಕಟ್ಟಳೆಯಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ, ಹೆಸರೂ ಎತ್ತುವಂತಿಲ್ಲ. ಅದು ಜಗಳವಲ್ಲ, ಮರ್ಯಾದೆ. ಅವಳೇ ಎತ್ತದ ಹೆಸರನ್ನು ನಾವೇಕೆ ಎತ್ತಬೇಕು, ಅಳಿಯ ಎಂದರೆ ಸಾಕು. ಹತ್ತು ವರ್ಷದಿಂದ ಇಬ್ಬರ ನಡುವೆ ಮಾತು ಸಾಗಿಸುತ್ತಿದ್ದವಳು ಮಗಳು ಲೆವಿನಾ. ಕವಾಟ ಬದಲಿಸಿದ ಹೃದಯದ ತಪಾಸಣೆಗೆಂದು ಅವಳೀಗ ಡಾರ್ವಿನ್ನಿನಲ್ಲಿದ್ದಳು.

ದಡದಲ್ಲಿ ವಾಲ್ಡಾ ಅಳಿಯನಿಗೆ ಬೆನ್ನು ಮಾಡಿ ಕೂತಳು. "ನೆರಿಡಾ, ಜೀಪಲ್ಲಿ ರೊಟ್ಟಿ ಇದೆ, ಹೋಗಿ ತಿನ್ನು" ಎಂದು ಮಗುವನ್ನು ದೂರ ಕಳಿಸಿದಳು. ಅದರ ಕಿವಿಗೆ ಬೀಳಬಾರದ ಮಾತಿತ್ತು. ಇನ್ನು ಮಾತು ಸಾಗಿಸಲು ಉಳಿದದ್ದು ನಾಯಿ.

"ಲೋ ಡೀಸೆಲ್, ಕೆಲವರಿಗೆ ಬುದ್ಧಿ ಮೊಣಕಾಲ ಕೆಳಗಿರುತ್ತೆ ಕಣೋ. ಡಾಕ್ಟರು ಬರೋ ದಿನಾನೇ ಏಡಿ ನೆನಪಾಗುತ್ತೆ."

ಹಿಂದಿನಿಂದ ಅಳಿಯನ ದನಿ ಬಂತು, ಅದೂ ನಾಯಿಗೇ. "ಡೀಸೆಲ್, ನನ್ನ ಹೆಂಡ್ತೀನೂ ಸುಮ್ನೆ ನೋಡ್ತೀವಿ ಅಂತಾನೇ ಕರ್ಕೊಂಡು ಹೋದ್ರು. ಎದೆ ಸೀಳಿ ಕಳಿಸಿದ್ರು. ಮಗಳನ್ನ ಕೊಡಲ್ಲ ಅಂತ ಹೇಳೋ."

ಇಪ್ಪತ್ತು ವರ್ಷ ಯಾರಿಗೂ ಹೇಳದೆ ನುಂಗಿಕೊಂಡದ್ದನ್ನು ವಾಲ್ಡಾ ನಾಯಿಯ ಮುಂದಿಟ್ಟಳು.

"ಡೀಸೆಲ್, ಕೇಳು. ಲೆವಿನಾಗೂ ಎಂಟನೇ ವರ್ಷದಲ್ಲಿ ಹಿಂಗೇ ಕಾಲು ಊದಿತ್ತು. ಆಸ್ಪತ್ರೆ ಕೆಲಸದೋಳು ನಾನೇ. ಬೆಳೆಯೋ ಮಗು, ನೋವು ಇದ್ದದ್ದೇ ಅಂತ ಎಣ್ಣೆ ತಿಕ್ಕಿ ಆಡೋಕೆ ಕಳಿಸ್ದೆ. ಅವತ್ತು ತೋರಿಸಿದ್ರೆ ಬರೀ ಸೂಜೀಲಿ ಮುಗೀತಿತ್ತು. ಅವಳೆದೆ ಕೊಯ್ದಿದ್ದು ಡಾಕ್ಟರಲ್ಲ ಕಣೋ, ನಾನು. ಇನ್ನೊಂದ್ಸಲ ನನ್ನ ಕೈಲಿ ಆ ತಪ್ಪು ಮಾಡಿಸ್ಬೇಡ ಅಂತ ಹೇಳು."

ಆಮೇಲೆ ಏಡಿಯ ಬಕೆಟ್ಟನ್ನು ಜೀಪಿನಲ್ಲಿಟ್ಟ ಸದ್ದಾಯಿತು. ಅತ್ತೆಯ ಜೊತೆ ಜೀಪು ಹತ್ತುವಂತಿಲ್ಲ. ಮಗಳನ್ನು ಒಳಗೆ ಕೂರಿಸಿ ಅಳಿಯ ಬಿಸಿಲಲ್ಲಿ ನಡೆದೇ ಹೊರಟ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹುಡುಗಿಯ ಎದೆಗೆ ತಣ್ಣನೆಯ ಲೇಪ ಹಚ್ಚಿ ಯಂತ್ರದ ಹಿಡಿಯನ್ನು ಆಡಿಸಿದಳು. ನೆರಿಡಾ ಕಚಗುಳಿಯೆಂದು ನಕ್ಕಳು. ಪರದೆಯ ಮೇಲೆ ಕವಾಟಗಳು ತೆರೆದು ಮುಚ್ಚುತ್ತಿದ್ದುದನ್ನು ವಾಲ್ಡಾ ನೋಡಿದಳು.

"ಸಂಧಿವಾತ ಜ್ವರಾನೇ, ಅನುಮಾನ ಇಲ್ಲ. ಆದ್ರೆ ಹೃದಯ ಮುಟ್ಟಿಲ್ಲ. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ನಾಲ್ಕು ವಾರಕ್ಕೊಂದು ಸೂಜಿ, ವರ್ಷಗಟ್ಟಲೆ. ಒಂದೂ ತಪ್ಪಬಾರದು, ಇವತ್ತಿಂದಾನೇ ಶುರು."

ವಾಲ್ಡಾಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಳಿಯ ಬೆವರು ಸುರಿಸುತ್ತ ಬಂದು ಕೋಣೆಯ ಗೋಡೆಯ ಆಚೆ ನಿಂತ. ನೆರಿಡಾ ಓಡಿಹೋಗಿ ಎಲ್ಲವನ್ನೂ ಒದರಿದಳು. ಗಂಡಸೊಬ್ಬ ಬಿಕ್ಕಿ ಅತ್ತದ್ದು ಒಳಗೆ ಕೇಳಿಸಿತು.

"ಸೂಜಿ ಅಂದ್ರೆ ಭಯಾನಾ ಪುಟ್ಟೀ?"

"ಹೂಂ ಅಪ್ಪಾ. ಆ ಹೊಸ ನರ್ಸು ಚುಚ್ಚಿದ್ರೆ ತುಂಬಾ ನೋಯುತ್ತೆ."

"ನರ್ಸು ಯಾಕೆ ಚುಚ್ಬೇಕು?" ಅಳಿಯ ದನಿ ಏರಿಸಿದ, ಗೋಡೆ ದಾಟುವಷ್ಟು. "ಡಾಕ್ಟರಿಗೆ ಹೇಳಿ ಬಾ. ನನ್ನ ಮಗಳಿಗೆ ಪ್ರತಿ ಸಲಾನೂ ಸೂಜಿ ಹಾಕೋದು ಅವಳಜ್ಜಿ. ಬೇರೆ ಕೈ ನಂಗೆ ಬೇಡ."

ವಾಲ್ಡಾ ಕಣ್ಣೊರೆಸಿಕೊಂಡಳು. ಕೈ ತೊಳೆದು ಮೊದಲ ಸೂಜಿಗೆ ಮದ್ದು ತುಂಬಿದಳು.